ಧಮಕಿಗೆ ಅಂಕ ಕೊಡುತ್ತಿದ್ದ ಗೋದಕ್ಕ

ಕೊಲ್ಲುತ್ತೇನೆ ಎಂದು ಫೋನು ಮಾಡಿದವನ ವ್ಯಾಕರಣ ತಿದ್ದಿದ ಹೆಂಗಸನ್ನು ನನ್ನ ಜೀವಮಾನದಲ್ಲಿ ಒಬ್ಬಳನ್ನೇ ಕಂಡಿದ್ದೇನೆ.

ಫೋನು ನಮ್ಮ ಪ್ರೆಸ್ಸಿನದು. ಎತ್ತಿದವಳು ನಾನು. ಆ ಕಡೆಯ ದನಿ ಕೇಳಿದ್ದೇ ತಡ, ನನ್ನ ಅಂಗೈಯಲ್ಲಿದ್ದ ಅಚ್ಚಿನ ಮೊಳೆಗಳೆಲ್ಲ ನೆಲಕ್ಕೆ ಬಿದ್ದವು. ಗೋದಕ್ಕ ಬಂದು ರಿಸೀವರು ಇಸಿದುಕೊಂಡಳು. ರೇಡಿಯೋ ನಾಟಕ ಕೇಳುವವರ ಹಾಗೆ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಚ್ಚ ಪುಣೇರಿ ಮರಾಠಿಯಲ್ಲಿ, ಶಾಲೆಯ ಟೀಚರಮ್ಮ ದಡ್ಡ ಹುಡುಗನಿಗೆ ಹೇಳುವಂತೆ ಹೇಳಿದಳು: "ಹಾಡ ಅಂದರೆ ಮೂಳೆ, ಅದು ನಪುಂಸಕಲಿಂಗ. 'ತುಮಚಾ ಹಾಡ' ಅನ್ನಬಾರದು, 'ತುಮಚಂ ಹಾಡ' ಅನ್ನಬೇಕು. ಎಲ್ಲಿ, ಈಗ ಇನ್ನೊಮ್ಮೆ ಹೇಳಿ ನೋಡೋಣ." ಆ ಕಡೆಯವನು ಫೋನು ಇಟ್ಟುಬಿಟ್ಟ. ಬೆದರಿಸಲು ಬಂದವನ ಮರಾಠಿಯನ್ನು ಪುಣೆಯಲ್ಲೇ ಕುಳಿತು ತಿದ್ದಿದವಳು ಬಾಗಲಕೋಟೆ ಕಡೆಯ ಕನ್ನಡದ ಹೆಣ್ಣುಮಗಳು ಎಂಬುದು ಅವನಿಗೆ ಗೊತ್ತಾಗಿದ್ದರೆ ಮತ್ತೂ ನೊಂದುಕೊಳ್ಳುತ್ತಿದ್ದನೋ ಏನೋ.

ಗೋದಾವರಿ ಎಂದು ಅವಳ ಹೆಸರು. ನಮಗೆ ಗೋದಕ್ಕ. ಎತ್ತರದ ಆಳು, ದಪ್ಪ ಗಾಜಿನ ಕನ್ನಡಕ, ಸೆರಗನ್ನು ಸೊಂಟಕ್ಕೆ ಬಿಗಿದು ಸೈಕಲ್ ಹೊಡೆಯುವ ಠೀವಿ. ಒಂದು ಮರಾಠಿ ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಳು. ಒಬ್ಬ ದೊಡ್ಡ ಮನುಷ್ಯನ ಭಾಷಣ ತಿದ್ದುವಾಗ ಅವನ ಕಾಗುಣಿತದ ಜೊತೆಗೆ ಅವನ ಸುಳ್ಳನ್ನೂ ತಿದ್ದಿ ಅಚ್ಚಿಗೆ ಕಳಿಸಿದ್ದಳಂತೆ. ಮರುದಿನವೇ ಮನೆಗೆ ಕಳಿಸಿದರು. ತುರ್ತುಪರಿಸ್ಥಿತಿ ಮುಗಿದು, ಎಲ್ಲರೂ ಒಮ್ಮೆಲೇ ಬಾಯಿ ಬಿಚ್ಚುತ್ತಿದ್ದ ಕಾಲ ಅದು. ಅವಳು ತನ್ನದೇ ಒಂದು ವಾರಪತ್ರಿಕೆ ತೆಗೆದಳು. 'ಟಾಚಣಿ' ಎಂದು ಹೆಸರು, ಅಂದರೆ ಗುಂಡುಸೂಜಿ. ನಾಲ್ಕೇ ಪುಟ. ಸಂಪಾದಕಿ, ವರದಿಗಾರ್ತಿ, ಸೈಕಲ್ ಮೇಲೆ ಮನೆಮನೆಗೆ ಹಂಚುವವಳು, ಎಲ್ಲವೂ ಅವಳೇ.

ಶಿವಾಜಿನಗರದ ಕೋರ್ಟಿನ ಹಿಂದಿನ ಬೋಳದಲ್ಲಿ, ಅಂದರೆ ಓಣಿಯಲ್ಲಿ, ನಮ್ಮ ಪ್ರೆಸ್ಸು. ನಾನೂ ನಮ್ಮ ಯಜಮಾನರೂ ಸೇರಿ ನಡೆಸುತ್ತಿದ್ದೆವು. ಅವರು ಯಂತ್ರ ತುಳಿಯುವವರು, ನಾನು ಮೊಳೆ ಜೋಡಿಸುವವಳು. ಲಗ್ನಪತ್ರಿಕೆ, ವಕೀಲರ ಕಾಗದ, ಹೋಟೆಲ್ಲಿನ ಬಿಲ್ಲು ನಮ್ಮ ಅನ್ನ. 'ಟಾಚಣಿ'ಯನ್ನು ಛಾಪಿಸಲು ಬೇರೆ ಪ್ರೆಸ್ಸಿನವರು ಯಾರೂ ಒಪ್ಪಲಿಲ್ಲವೆಂದು ನಮ್ಮಲ್ಲಿಗೆ ಬಂದಳು. ಬಂದವಳು ಮೊದಲು ಕೇಳಿದ್ದು, "ನಿಮಗ ಅಂಜಿಕಿ ಭಾಳೋ ಸ್ವಲ್ಪೋ?" ಎಂದು. ನಮ್ಮವರು ಮಾತು ಕಡಿಮೆಯ ಮನುಷ್ಯ. "ಮಧ್ಯಮ" ಎಂದರು. ಗೋದಕ್ಕ ಆ ಉತ್ತರಕ್ಕೇ ಒಲಿದಳು.

ಯಾಕೆ ಮದುವೆಯಾಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ನೋಡಾಕ ಬಂದವರು ಒಂದು ಪ್ರಶ್ನಾ ಕೇಳಿದ್ರ ನಾ ನಾಕು ಕೇಳತಿದ್ದೆ, ಸುಮಿ. ಉಪ್ಪಿಟ್ಟು ಅರ್ಧಕ್ಕ ಬಿಟ್ಟು ಎದ್ದು ಹೋಗಾವ್ರು" ಎಂದು ನಕ್ಕಳು.

ಮರಾಠಿ ಪತ್ರಕರ್ತರಿಗೆ ಸಿಗದ ಸುದ್ದಿ ಅವಳಿಗೆ ಸಿಗುತ್ತಿದ್ದುದು ಕನ್ನಡದಿಂದ. ಆಗ ಪುಣೆಯ ಅಂಚಿನ ಕೋಥರೂಡ ಕಡೆಗೆ ಹೊಲ ಗದ್ದೆಯೆಲ್ಲ ಹೋಗಿ ಸೊಸೈಟಿಗಳ ಮನೆಗಳು ಏಳುತ್ತಿದ್ದವು. ಕಲ್ಲು, ಉಸುಕು ಹೊರುವವರೆಲ್ಲ ಗುಲಬರ್ಗಾ, ರಾಯಚೂರು ಕಡೆಯಿಂದ ಬಂದವರು. ಅವರ ಮುಂದೆ ಕಂತ್ರಾಟದಾರರು ಮರಾಠಿಯಲ್ಲಿ ಎಲ್ಲ ಗುಟ್ಟನ್ನೂ ಮಾತಾಡುತ್ತಿದ್ದರು, ಇವರಿಗೇನು ತಿಳಿಯುತ್ತದೆ ಎಂದು. ಗೋದಕ್ಕ ಮಧ್ಯಾಹ್ನ ಸೈಕಲ್ಲು ಒರಗಿಸಿ, ಅವರ ಬುತ್ತಿಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಏನ ನಡದದ ಇಲ್ಲೆ?" ಎನ್ನುತ್ತಿದ್ದಳು. ಊರ ಮಾತು ಕೇಳಿದ ಖುಷಿಗೆ ಅವರು ಎಲ್ಲ ಹೇಳಿಬಿಡುತ್ತಿದ್ದರು. ಅವರ ಹೆಸರನ್ನು ಮಾತ್ರ ಅವಳು ನಮ್ಮೆದುರಿಗೂ ಆಡುತ್ತಿರಲಿಲ್ಲ. ಅವರಲ್ಲಿ ದೇವಮ್ಮ ಎಂಬೊಬ್ಬಳ ಹೆಸರು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಬೆದರಿಕೆಗಳು ಹೆಚ್ಚಾದಂತೆ ಗೋದಕ್ಕ ಪತ್ರಿಕೆಯ ಕೊನೆಯ ಪುಟದಲ್ಲಿ ಹೊಸ ಅಂಕಣ ತೆರೆದಳು. 'ಈ ವಾರದ ಧಮಕಿ.' ಬಂದ ಬೆದರಿಕೆಯನ್ನು ಇದ್ದದ್ದು ಇದ್ದಂತೆಯೇ ಛಾಪಿಸಿ, ಕೆಳಗೆ ಹತ್ತಕ್ಕೆ ಎಷ್ಟು ಅಂಕ ಎಂದು ಹಾಕುತ್ತಿದ್ದಳು. ವ್ಯಾಕರಣಕ್ಕೆ ಇಷ್ಟು, ಹೊಸತನಕ್ಕೆ ಇಷ್ಟು, ಸಭ್ಯತೆಗೆ ಇಷ್ಟು. ಜನ ಪತ್ರಿಕೆಯನ್ನು ಹಿಂದಿನಿಂದ ಓದತೊಡಗಿದರು. ಕೋರ್ಟಿನ ಎದುರಿನ ಹೋಟೆಲ್ಲಿನಲ್ಲಿ ವಕೀಲರು, "ಈ ಸಲ ಆರು ಸಿಕ್ಕಿದೆ, ಯಾರೋ ಓದಿದವನೇ ಇರಬೇಕು" ಎಂದು ಚರ್ಚೆ ಮಾಡುತ್ತಿದ್ದರು. ಆ ಹೋಟೆಲ್ಲು ಕುಂದಾಪುರ ಕಡೆಯ ಶೆಟ್ಟರದು. ಅವರಿಗೆ ಗೋದಕ್ಕನ ಮೇಲೆ ಅಭಿಮಾನ, ತಮ್ಮ ಗಾಜಿನ ಬಾಗಿಲಿನ ಮೇಲೆ ಅದಕ್ಕಿಂತ ಹೆಚ್ಚು ಅಭಿಮಾನ. ಅವಳು ಬಂದ ಕೂಡಲೇ, "ನೀವು ಒಳಗೆ ಗೋಡೆ ಹತ್ರ ಕೂತ್ಕೊಳ್ಳಿ ಮಾರಾಯ್ರೆ, ಗಾಜು ಹೊಸತು" ಎನ್ನುತ್ತಿದ್ದರು.

ಒಂದು ದಿನ ಪ್ರೆಸ್ಸಿನ ಬಾಗಿಲಿಗೆ ಬೆಳಕು ಮರೆಯಾಗುವಂಥ ಆಳೊಂದು ಬಂದು ನಿಂತಿತು. ಬಬನ್ಯಾ ಎಂದು ಅವನ ಹೆಸರು. ಕಂತ್ರಾಟದಾರರ ಪರವಾಗಿ ಜನರನ್ನು ಹೆದರಿಸುವುದೇ ಅವನ ಉದ್ಯೋಗ. ಅಕ್ಕಲಕೋಟದ ಕಡೆಯವನು, ಮನೆಮಾತು ಕನ್ನಡ. ನಾವು ಕನ್ನಡದವರೆಂದು ತಿಳಿದು ಕನ್ನಡದಲ್ಲೇ ಸಿಟ್ಟು ಮಾಡಿದ.

"ಗೋದಾವರಿಬಾಯಿ ಯಾರ್ರಿ ಇಲ್ಲೆ?"

"ನಾನೇ. ಕೂಡಪಾ."

"ಕೂಡಾಕ ಬಂದಿಲ್ಲ. ನನಗ ಮೂರು ಮಾರ್ಕ ಯಾಕ ಹಾಕೀರಿ? ಓಣ್ಯಾಗಿನ ಹುಡುಗ್ರು ನಗಾಕ ಹತ್ಯಾವ."

"ಧಮಕಿ ಭಾಳ ಹಳೇದಿತ್ತು. ಕೈಕಾಲು ಮುರೀತೀನಿ ಅಂತ ಎಲ್ಲಾರೂ ಅಂತಾರ. ನಿಂದs ಆದ ಮಾತು ಏನರೆ ಇತ್ತೇನು ಅದರಾಗ?"

ಬಬನ್ಯಾ ಮೋರೆ ಸಣ್ಣದು ಮಾಡಿದ. "ನಮ್ಮ ಕೈಯಾಗ ಏನ ಅದರಿ ಬಾಯಿ? ಮಾಲಕರು ಏನ ಹೇಳಿ ಕಳಸತಾರ ಅದನ್ನs ಅನ್ನಬೇಕು."

"ಹಂಗಾರ ಆ ಮಾರ್ಕು ಮಾಲಕರಿಗೆ ಬಿದ್ದಾವ. ನಿನಗಲ್ಲ."

ಅವನ ಮುಖ ಒಮ್ಮೆಲೇ ಹಗುರಾಯಿತು. ಕುಳಿತ. ನಾನು ಕೊಟ್ಟ ಚಹಾ ಕುಡಿದ. ಗೋದಕ್ಕ ಮನೆಯ ಸುದ್ದಿ ಕೇಳಿ, ಅವನ ತಾಯಿಗೆ ಮಂಡಿನೋವೆಂದು ತಿಳಿದು, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿದಳು. ಹೊರಟು ಹೊಸ್ತಿಲು ದಾಟಿದವನು ಏನೋ ನೆನಪಾಗಿ ತಿರುಗಿ ಬಂದ. "ಹಾಂ, ಇನ್ನೊಮ್ಮೆ ಬರದ್ರ ಛಲೋ ಆಗೂದಿಲ್ಲ ಅಂತ ಹೇಳಿ ಬಾ ಅಂದಿದ್ರು."

"ಆತು. ಹೇಳಿದೆ ಅಂತ ಹೇಳು."

ಅವನು ಹೋದ ಮೇಲೆ ಗೋದಕ್ಕ ತನ್ನ ಕಪ್ಪನ್ನು ನನ್ನ ಕಡೆ ಸರಿಸಿ, "ನೀನs ಬಗ್ಗಸು" ಎಂದಳು. ಎದ್ದು ಬಾಗಿಲಿನ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿದಳು.

"ಇಷ್ಟು ಅಂಜಿಕಿ ಇದ್ರ ಮತ್ತ ನಗತಿ ಯಾಕ?" ಎಂದೆ.

"ಅಂಜಿಕಿ ಬಂದಾಗ ಮಾರಿ ಹ್ಯಾಂಗ ಇಟಗೋಬೇಕು ಅನ್ನೂದು ನನಗ ಯಾರೂ ಕಲಿಸಿಲ್ಲ ಸುಮಿ. ಅದಕ್ಕ ನಗತೀನಿ."

ಆಮೇಲೆ ಬಂತು ನೀರಿನ ಟಾಕಿಯ ಪ್ರಕರಣ. ಕೋಥರೂಡದ ಹೊಸ ಬಡಾವಣೆಗೆ ನೀರು ಕೊಡಲು ಎತ್ತರದ ಟಾಕಿ ಕಟ್ಟುತ್ತಿದ್ದರು. ಅದರ ಬುಡದಲ್ಲೇ ಕಟ್ಟುವವರ ಗುಡಿಸಲುಗಳು. ಅಲ್ಲಿ ಬುಟ್ಟಿ ಹೊರುತ್ತಿದ್ದ ದೇವಮ್ಮ ಗೋದಕ್ಕನಿಗೆ ಹೇಳಿದ್ದಿಷ್ಟು: "ಅಕ್ಕಾ, ಮುಂಜಾನೆ ಇಂಜಿನೇರ ನೋಡೂ ಹೊತ್ತಿಗೆ ಸಿಮೆಂಟ ಚೀಲ ಲಾರಿಯಿಂದ ಇಳಸತೀವಿ. ಅವ್ರು ಊಟಕ್ಕ ಹೋದ ಮ್ಯಾಲ ಅವೇ ಚೀಲ ಅದೇ ಲಾರಿಗೆ ಏರಸತೀವಿ. ಟಾಕಿಗೆ ಹೋಗೂದು ಬೂದಿ, ಉಸುಕು. ಮಕ್ಕಳ್ನ ಅದರ ಬುಡಕ್ಕ ಮಲಗಿಸಿ ನನಗ ನಿದ್ದಿ ಬರವಲ್ದು."

ಕೇಳಿದ್ದನ್ನು ಹಾಗೆಯೇ ಬರೆಯುವವಳಲ್ಲ ಗೋದಕ್ಕ. "ನಾಳೆ ಚೀಲಕ್ಕ ಪೂಜಾ ಮಾಡು" ಎಂದಳು. ದೇವಮ್ಮ ಮರುದಿನ ಭಕ್ತಿಯಿಂದ ಪ್ರತಿ ಚೀಲಕ್ಕೂ ಕುಂಕುಮದ ಬೊಟ್ಟಿಟ್ಟಳು. ಕಂತ್ರಾಟದಾರನೂ ಕೈ ಮುಗಿದನಂತೆ. ಸಂಜೆಗೆ ಗೋದಕ್ಕನ ಸೈಕಲ್ಲು ಊರೆಲ್ಲ ತಿರುಗಿ ಕೊನೆಗೆ ಕಂತ್ರಾಟದಾರನ ಭಾವಮೈದುನ ಕಟ್ಟಿಸುತ್ತಿದ್ದ ಬಂಗಲೆಯೆದುರು ನಿಂತಿತು. ಅಲ್ಲಿ ಒಟ್ಟಿದ್ದ ಚೀಲಗಳೆಲ್ಲ ಹಣೆಗೆ ಕುಂಕುಮ ಹಚ್ಚಿಕೊಂಡು ಕೂತಿದ್ದವು. ಸ್ಟುಡಿಯೋದವನನ್ನು ಕರೆದೊಯ್ದು ಫೋಟೋ ತೆಗೆಸಿದಳು. ಆ ವಾರದ ತಲೆಬರಹ, 'ಸಿಮೆಂಟು ತವರಿಗೆ ಹೋಯಿತು!' ಕಂತ್ರಾಟದಾರನಿಗೆ ಅವಳಿಟ್ಟ ಹೆಸರು ಬೂದಿಸಾಹೇಬ. ಅವನ ನಿಜವಾದ ಹೆಸರು ಪುಣೆಯೇ ಮರೆತುಬಿಟ್ಟಿತು.

ನಗು ಅಲ್ಲಿಗೆ ನಿಂತಿತು. ಮುಂದಿನ ವಾರ ಹಾಡುಹಗಲು, ಕರ್ವೆ ರಸ್ತೆಯಲ್ಲಿ ನಂಬರಿಲ್ಲದ ಜೀಪೊಂದು ಅವಳ ಸೈಕಲ್ಲಿಗೆ ಹಿಂದಿನಿಂದ ಗುದ್ದಿ, ನಿಲ್ಲದೆ ಹೋಯಿತು. ಎಡಗೈ ಮುರಿದಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು. ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದ ಪೊಲೀಸಿನವನು, "ಬಾಯಿ, ಇನ್ನು ಮೇಲೆ ಸೈಕಲ್ ನೋಡಿಕೊಂಡು ಹೊಡೀರಿ" ಎಂದು ಬುದ್ಧಿ ಹೇಳಿ ಹೋದ. ಗೋದಕ್ಕ ನನ್ನ ಕಿವಿಗೆ ಬಾಯಿ ತಂದು, "ಎಡಗೈ ಮುರದಾರ. ನಾ ಯಾವ ಕೈಲೆ ಬರೀತೀನಿ ಅನ್ನೂದರೆ ತಿಳಕೊಂಡು ಬರಬಾರದಾ?" ಎಂದಳು. ನಕ್ಕರೆ ಪಕ್ಕೆ ನೋಯುತ್ತಿತ್ತು. ಆದರೂ ನಕ್ಕಳು.

ನನಗೆ ನಗು ಬರಲಿಲ್ಲ. ಅದೇ ಭಾನುವಾರ ನಾವು ನೆಂಟರ ಮದುವೆಯೂಟ ಮುಗಿಸಿ ಬರುವಷ್ಟರಲ್ಲಿ ಪ್ರೆಸ್ಸಿನ ಬಾಗಿಲು ಮುರಿದಿತ್ತು. ಮೊಳೆಗಳ ಪೆಟ್ಟಿಗೆಗಳನ್ನೆಲ್ಲ ಓಣಿಯ ಚರಂಡಿಗೆ ಸುರಿದಿದ್ದರು. ನನ್ನ ಬೆರಳುಗಳು ಕಣ್ಣು ಮುಚ್ಚಿ ಗುರುತಿಸುತ್ತಿದ್ದ ಅಕ್ಷರಗಳು ಕೆಸರಿನಲ್ಲಿ ಕೂಡಿ ಬಿದ್ದಿದ್ದವು. ನಮ್ಮವರು ಯಂತ್ರದ ಮುರಿದ ಚಕ್ರವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಅದೇ ಸೀರೆಯಲ್ಲಿ ಆಸ್ಪತ್ರೆಗೆ ನಡೆದೆ.

"ಅಕ್ಕಾ, ನೀ ಮಾರ್ಕ ಹಾಕತಿ, ಊರು ನಗತದ. ನನ್ನ ಪ್ರೆಸ್ಸು ಗಟಾರದಾಗ ಬಿದ್ದದ. ನಾಳೆ ನಮ್ಮವರಿಗೆ ಏನರೆ ಆದ್ರ ಅದಕ್ಕ ಎಷ್ಟು ಹಾಕತಿ?"

ಅವಳು ಕನ್ನಡಕ ತೆಗೆದು ದಿಂಬಿನ ಬದಿಗಿಟ್ಟಳು. "ಇನ್ನ ನಿಮ್ಮಲ್ಲೆ ಛಾಪಿಸೂದು ಬ್ಯಾಡ ಸುಮಿ. ನೀ ಅಂದದ್ದು ಖರೇ ಅದ" ಎಂದು ಗೋಡೆಯ ಕಡೆ ಮುಖ ಮಾಡಿದಳು.

ತಿರುಗಿ ಪ್ರೆಸ್ಸಿಗೆ ಬಂದರೆ ನಮ್ಮವರು ಜರಡಿ ಹಿಡಿದು ಚರಂಡಿಯಲ್ಲಿ ಕುಳಿತು ಮೊಳೆ ಸೋಸುತ್ತಿದ್ದರು. ತಲೆಯೆತ್ತದೆ ಹೇಳಿದರು: "ಲಗ್ನಪತ್ರಿಕೆ ಅಕ್ಷರ ಅಟ್ಟದ ಮ್ಯಾಲಿದ್ದೂ, ಉಳದಾವ. ಕೈಮಷೀನೂ ನಡೀತದ. ಟಾಕಿ ಉದ್ಘಾಟನೆ ನಾಳೆ ಬಿಟ್ಟು ಮುಂದಿನ ಸೋಮವಾರ ಅದ ಅಂತ. ಮಂತ್ರಿ ಬಂದು ನೀರು ಬಿಡತಾನ. ಬುಡಕ್ಕ ಮಕ್ಕಳಿದ್ದಾವ." ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ. ಆದರೆ ಆ ಸಿಟ್ಟು ಯಾರ ಮೇಲೆ ಇರಬೇಕಿತ್ತೋ ಅತ್ತ ತಿರುಗಿತು. ಮರುದಿನ ಗೋದಕ್ಕನೆದುರು ಹೋಗಿ ನಿಂತು, "ಲಗ್ನಪತ್ರಿಕೆ ಬಿಟ್ಟು ಬ್ಯಾರೆ ಏನೂ ಛಾಪಿಸಾಕ ಬರೂದಿಲ್ಲ ನೋಡು ಈಗ" ಎಂದೆ.

ಅವಳ ಕಣ್ಣು ಮಿಂಚಿತು. "ಹಂಗಾರ ಲಗ್ನಪತ್ರಿಕೇನೇ ಛಾಪಸೂಣು!"

ಮೇಲೆ ಗಣಪತಿ, ಸುತ್ತ ಬಳ್ಳಿಯ ಅಂಚು, ಮಧ್ಯೆ ಬಾಗಿದ ಚೆಂದದ ಅಕ್ಷರ. 'ಸೋಮವಾರದ ಶುಭಮುಹೂರ್ತದಲ್ಲಿ ಟಾಕಿಗೆ ನೀರು ತುಂಬುವಾಗ ಬೂದಿಸಾಹೇಬರು ಸಕುಟುಂಬ ಸಪರಿವಾರ ಅದರ ಕೆಳಗೆ ಕುಳಿತು, ತಮ್ಮ ಕಟ್ಟಡದ ಮೇಲಿನ ವಿಶ್ವಾಸವನ್ನು ಲೋಕಕ್ಕೆ ತೋರಿಸಲಿದ್ದಾರೆ. ಜೊತೆಗೆ ಗೋದಾವರಿಬಾಯಿಯೂ ಕೂಡುವರು. ಬಂಧುಮಿತ್ರರು ಬಂದು ಹರಸಬೇಕು. ಉಡುಗೊರೆ ಬೇಡ.' ಶೆಟ್ಟರ ಹೋಟೆಲ್ಲಿನಲ್ಲಿ ಪ್ರತಿ ಮಸಾಲೆದೋಸೆಯ ಜೊತೆಗೂ ಒಂದು ಪತ್ರಿಕೆ ಹೋಯಿತು. ಗಾಜಿನ ಬಾಗಿಲಿನ ಮೇಲೂ ಶೆಟ್ಟರು ತಾವೇ ಒಂದನ್ನು ಅಂಟಿಸಿದರು.

ಸೋಮವಾರ ಕೋಥರೂಡದಲ್ಲಿ ಜಾತ್ರೆಯಂಥ ಜನ. ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಗೋದಕ್ಕ ಟಾಕಿಯ ಬುಡದಲ್ಲಿ ಕಬ್ಬಿಣದ ಕುರ್ಚಿ ಹಾಕಿಸಿ ಕುಳಿತಿದ್ದಳು. ಪಕ್ಕದಲ್ಲಿ ಇನ್ನೊಂದು ಖಾಲಿ ಕುರ್ಚಿ, ಅದಕ್ಕೆ ಮಲ್ಲಿಗೆಯ ಹಾರ. ಹಿಂದೆ ಗುಡಿಸಲುಗಳ ಹೆಂಗಸರು, ಮಕ್ಕಳು. ನಾನು ತಲೆಯೆತ್ತಿ ನೋಡಿದೆ. ಅಷ್ಟು ದೊಡ್ಡ ಬೂದಿಯ ಮುದ್ದೆ ಆಕಾಶದಲ್ಲಿ ನಿಂತಿತ್ತು. ಅವಳ ರಟ್ಟೆ ಹಿಡಿದೆ. "ನಗಚಾಟಿಕಿ ಸಾಕು, ಏಳಕ್ಕಾ."

"ನಗಚಾಟಿಕಿ ಅಲ್ಲ ಸುಮಿ. ನಾ ಎದ್ರ ನೀರು ಬಿಡತಾರ."

ನಾನು ಖಾಲಿ ಕುರ್ಚಿಯ ಹಾರ ಸರಿಸಿ ಕುಳಿತುಬಿಟ್ಟೆ. "ಅದು ಬೂದಿಸಾಹೇಬ್ರದು" ಎಂದಳು. "ಬಂದ್ರ ಏಳತೀನಿ" ಎಂದೆ.

ಬೂದಿಸಾಹೇಬ ಕಾರಿನಲ್ಲಿ ಬಂದ. ಜನ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. "ಬಸಾ ಸಾಹೇಬ, ಬಸಾ!" ಎಂದು, ನಾನು ಎದ್ದು ಬಿಟ್ಟ ಕುರ್ಚಿ ತೋರಿಸಿದರು. ಅವನು ಕುರ್ಚಿ ನೋಡಿದ, ಟಾಕಿ ನೋಡಿದ, ತನಗೆ ಬಿಸಿಲು ಆಗುವುದಿಲ್ಲವೆಂದು ಹೇಳಿ ದೂರದ ಪೆಂಡಾಲಿಗೆ ನಡೆದ. ಟಾಕಿಯ ಬುಡದಲ್ಲಿ ತಂಪಾದ ನೆರಳಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಆ ನಗು ಮುಗಿಯುವುದರೊಳಗೆ ಮಂತ್ರಿಗಳಿಗೆ ಮುಂಬಯಿಯಲ್ಲಿ ತುರ್ತು ಕೆಲಸ ಬಂದಿದೆಯೆಂದು ಸುದ್ದಿ ಬಂತು. ನೀರು ಬಿಡಬೇಕಾಗಿದ್ದ ಇಂಜಿನಿಯರನು ಹಣೆ ಒರೆಸಿಕೊಳ್ಳುತ್ತ ಬಂದು, "ಕೆಳಗಿನವರು ಎಲ್ಲರೂ ದೂರ ಹೋಗದ ಹೊರತು ನಾನು ನಲ್ಲಿ ಮುಟ್ಟುವುದಿಲ್ಲ" ಎಂದ. ಅಷ್ಟೇ ಬೇಕಾಗಿತ್ತು ಅವಳಿಗೆ. ಗುಡಿಸಲುಗಳನ್ನು ಅವತ್ತೇ ಬೇರೆ ಕಡೆ ಸಾಗಿಸಿದರು. ಬಿದಿರು ಹೊತ್ತವರಲ್ಲಿ ಬಬನ್ಯಾನೂ ಇದ್ದ. ನನ್ನನ್ನು ನೋಡಿ, "ಪ್ರೆಸ್ಸಿಗೆ ಬಂದಾಂವ ನಾ ಅಲ್ರಿ ಬಾಯಿ. ಒಲ್ಲೆ ಅಂದೆ, ಬ್ಯಾರೆಯವರನ್ನ ಕಳಿಸಿದ್ರು. ಈಗ ನನಗ ಕೆಲಸ ಇಲ್ಲ" ಎಂದ.

ಆಮೇಲೆ ಪರೀಕ್ಷೆಗೆಂದು ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿದರು. ಅರ್ಧಕ್ಕೂ ಮೊದಲೇ ಟಾಕಿ ಬೆವರತೊಡಗಿತು, ಆಮೇಲೆ ಅಳತೊಡಗಿತು, ಕೊನೆಗೆ ಒಂದು ಕಾಲು ಬಿರಿಯಿತು. ನೀರಿಳಿಸಿ ಕೆಡವಿದರು. ಬೂದಿಸಾಹೇಬನ ಹೆಸರನ್ನು ಕಂತ್ರಾಟದಾರರ ಪಟ್ಟಿಯಿಂದ ತೆಗೆದರು, ಭಾವಮೈದುನನ ಹೆಸರು ಸೇರಿಸಿದರು. ಗೋದಕ್ಕನ ಮೇಲೆ ಮಾನಹಾನಿಯ ದಾವೆ ಬಿತ್ತು. ಅವಳು ವರ್ಷಗಟ್ಟಲೆ ಕೋರ್ಟಿಗೆ ಅಲೆದಳು. ಎಡಗೈ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಜಡೆಯನ್ನು ನಾನು ಹಾಕಿಕೊಡುತ್ತಿದ್ದೆ. ಪತ್ರಿಕೆ ನಮ್ಮಲ್ಲೇ ಅಚ್ಚಾಗುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ಅವಳ ಗಮನ ಊರಾಚೆಯ ಚಾಕಣದ ಕಡೆ ಹೋಯಿತು. ಆಗ ಅಲ್ಲಿ ಈರುಳ್ಳಿ ಹೊಲಗಳು. ಮುಂದೆ ಕಾರ್ಖಾನೆಗಳು ಬರುತ್ತವಂತೆ ಎಂಬ ಗುಸುಗುಸು ಎದ್ದು, ಸತ್ತುಹೋದ ರೈತರು ಕಾಗದಪತ್ರಗಳಲ್ಲಿ ಎದ್ದು ಬಂದು ಜಮೀನು ಮಾರುತ್ತಿದ್ದಾರೆ ಎಂದು ಅವಳು ನಗುತ್ತ ಹೇಳಿದ್ದಳು. ಒಂದು ಬೆಳಿಗ್ಗೆ ಶಿವಾಜಿನಗರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸಿ ಬಂದೆ. ಕಿಟಕಿಯ ಸೀಟಿಗಾಗಿ ಕಂಡಕ್ಟರನ ಜೊತೆ ಜಗಳ ತೆಗೆದು ಗೆದ್ದಿದ್ದಳು. "ಸಂಜಿಕೆ ಝುಣಕಾ ಮಾಡಿಡು, ಖಾರ ಇರಲಿ" ಎಂದು ಕಿಟಕಿಯಿಂದ ಕೂಗಿದಳು.

ಸಂಜೆ ಚಾಕಣದ ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತವಳ ಮೇಲೆ ಲಾರಿ ಹರಿಯಿತು. ರಸ್ತೆ ಅಗಲವಾಗಿತ್ತು, ಬೇರೆ ವಾಹನ ಇರಲಿಲ್ಲ ಎಂದು ನೋಡಿದವರು ಹೇಳಿದರು. ಲಾರಿ ಸಿಗಲಿಲ್ಲ. ಪೊಲೀಸರು ಅಪಘಾತ ಎಂದು ಬರೆದುಕೊಂಡರು. ನಮ್ಮವರು ಆ ಠಾಣೆಗೆ ಎಷ್ಟೋ ತಿಂಗಳು ಹೋಗಿ ಬಾಗಿಲಲ್ಲಿ ನಿಂತು ಬಂದರು. ಕೊನೆಗೆ ಅಲ್ಲಿನ ಸಾಹೇಬರೂ ಬದಲಾದರು.

ಶ್ರದ್ಧಾಂಜಲಿ ಸಭೆಗೆ ಪುಣೆಯ ದೊಡ್ಡವರೆಲ್ಲ ಬಂದರು. ಕೆಲಸದಿಂದ ತೆಗೆದ ದಿನಪತ್ರಿಕೆಯವರೂ ಬಂದು ಅವಳ ಕರಡು ತಿದ್ದುವಿಕೆಯನ್ನು ಹೊಗಳಿದರು. ಕೊನೆಗೆ ಬಿಳಿ ಬಟ್ಟೆ ತೊಟ್ಟು ಬೂದಿಸಾಹೇಬ ಎದ್ದು ನಿಂತ. ದಾವೆ ಹಿಂತೆಗೆದುಕೊಂಡೆನೆಂದು ಸಾರಿದ. ಕರ್ಚೀಫಿನಿಂದ ಕಣ್ಣೊತ್ತಿಕೊಂಡು, "ಗೋದಾವರಿಬಾಯಿ ನನಗೆ ಹಿರಿಯಕ್ಕನ ಹಾಗಿದ್ದರು. ನಾನು ಇಂದು ಏನಾಗಿದ್ದೇನೋ ಅದನ್ನೆಲ್ಲ ಅವರ ಟೀಕೆಯ ಭದ್ರವಾದ ತಳಪಾಯದ ಮೇಲೆ ಕಟ್ಟಿಕೊಂಡಿದ್ದೇನೆ" ಎಂದ.

ಭದ್ರವಾದ ತಳಪಾಯ! ನನಗೆ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಒಡೆದುಕೊಂಡು ಬಂತು. ತುಂಬಿದ ಸಭೆ ತಿರುಗಿ ನೋಡಿತು. ನಾನು ನಗುತ್ತಲೇ ಎಡಕ್ಕೆ ತಿರುಗಿದೆ, ಗೋದಕ್ಕನೂ ನಗುತ್ತಿದ್ದಾಳೋ ನೋಡೋಣ ಎಂದು.

ಅಲ್ಲಿ ಬಬನ್ಯಾ ಕುಳಿತಿದ್ದ. ಕಣ್ಣೀರಲ್ಲಿ ಮುಖ ತೋಯಿಸಿಕೊಂಡು, ಏನಾಯಿತೆಂದು ತಿಳಿಯದೆ ನನ್ನನ್ನೇ ನೋಡುತ್ತಿದ್ದ.